800ರ ಓಟಗಾರ 100ಕ್ಕೆ ಇಳಿದರೆ?

1976ರ ಜುಲೈ 25. ಕೆನಡಾದ ಮಾಂಟ್ರಿಯಲ್ ಒಲಿಂಪಿಕ್ಸ್. ಪುರುಷರ 800 ಮೀಟರ್ ಫೈನಲ್. ಮೊದಲ ಸುತ್ತು ಮುಗಿದು ಗಂಟೆ ಬಾರಿಸಿದಾಗ ಜಗತ್ತಿನ ಘಟಾನುಘಟಿಗಳ ಮುಂದೆ ಓಡ್ತಾ ಇದ್ದವರು ಯಾರು ಗೊತ್ತಾ? ನಮ್ಮ ಸೈನ್ಯದ ಯೋಧ, ರಾಜಸ್ಥಾನದ ಶ್ರೀರಾಮ್ ಸಿಂಗ್. ಮೊದಲ 400 ಮೀಟರನ್ನು ಅವರು 50.85 ಸೆಕೆಂಡಿನಲ್ಲಿ ಮುಗಿಸಿದ್ದರು. ಬೆನ್ನಿಗೇ ಇದ್ದವನು ಕ್ಯೂಬಾದ ಉದ್ದ ಕಾಲಿನ ಆಲ್ಬರ್ಟೊ ಹ್ವಾಂಟೊರೆನಾ. ಎರಡನೇ ಸುತ್ತಿನಲ್ಲಿ ಆತ ಮುಂದೆ ಹೋದ, 1 ನಿಮಿಷ 43.50 ಸೆಕೆಂಡಿಗೆ ಗುರಿ ಮುಟ್ಟಿ ವಿಶ್ವದಾಖಲೆ ಬರೆದ. ಶ್ರೀರಾಮ್ ಸಿಂಗ್ ಏಳನೆಯವರಾದರು. ಆದರೆ ಅವರ 1:45.77 ಏನು ಸಾಮಾನ್ಯದ್ದಲ್ಲ. ಭಾರತದಲ್ಲಿ ಅದನ್ನು ಮುರಿಯೋಕೆ 42 ವರ್ಷ ಬೇಕಾಯಿತು. 2018ರಲ್ಲಿ ಜಿನ್ಸನ್ ಜಾನ್ಸನ್ 1:45.65 ಓಡಿದ ಮೇಲಷ್ಟೇ ಆ ದಾಖಲೆ ಬಿತ್ತು.

ಕಥೆ ಇಲ್ಲಿಗೆ ಮುಗಿಯಲ್ಲ. ನಾಲ್ಕೇ ದಿನ ಕಳೆದು ಅದೇ ಹ್ವಾಂಟೊರೆನಾ 400 ಮೀಟರ್ ಫೈನಲ್‌ಗೆ ನಿಂತ. 44.26 ಸೆಕೆಂಡು. ಅದೂ ಚಿನ್ನ! ಒಂದೇ ಒಲಿಂಪಿಕ್ಸ್‌ನಲ್ಲಿ ಮಧ್ಯಮ ದೂರದ ಓಟವನ್ನೂ, ಉಸಿರು ಕಟ್ಟಿ ಓಡುವ ವೇಗದ ಓಟವನ್ನೂ ಒಬ್ಬನೇ ಗೆದ್ದಿದ್ದ.

ಹಾಗಾದರೆ 800, 1500 ಓಡುವವರು ಮನಸ್ಸು ಮಾಡಿದರೆ 100, 200 ಮೀಟರಿನಲ್ಲೂ ಗೆಲ್ಲಬಹುದಾ? ಬಳ್ಳಾರಿ ಕಡೆ ಹೋದಾಗಲೆಲ್ಲ ಹುಡುಗರು ನನಗೆ ಕೇಳುವ ಪ್ರಶ್ನೆ ಇದು. ಸುಮ್ಮನೆ ಕೇಳೋದಿಲ್ಲ. ಅವರಲ್ಲಿ ಬಹಳಷ್ಟು ಜನ ಪೊಲೀಸ್ ಕಾನ್‌ಸ್ಟೆಬಲ್ ಕೆಲಸದ ಆಸೆಯಿಂದ ಬೆಳಗಿನ ಜಾವ ಎದ್ದು ಓಡುವವರು. ಆ ಪರೀಕ್ಷೆಯಲ್ಲಿ ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು. ಅಂದರೆ ಸಿರುಗುಪ್ಪ, ಕುರುಗೋಡಿನ ಹಳ್ಳಿ ಹುಡುಗ ತನ್ನ ಜೀವನದಲ್ಲಿ ಗಂಭೀರವಾಗಿ ಓಡುವ ಮೊದಲ ಓಟವೇ ಮಧ್ಯಮ ದೂರದ್ದು.

ನಾನು ಓದಿದ್ದು ಎಂಜಿನಿಯರಿಂಗ್. ಹಾಗಾಗಿ ಮೊದಲು ಲೆಕ್ಕದಿಂದಲೇ ನೋಡೋಣ. 800 ಮೀಟರಿನ ವಿಶ್ವದಾಖಲೆ ಕೀನ್ಯಾದ ಡೇವಿಡ್ ರುಡಿಶಾ ಹೆಸರಿನಲ್ಲಿದೆ. 2012ರ ಲಂಡನ್ ಒಲಿಂಪಿಕ್ಸ್, 1:40.91. ಎಂಟರಿಂದ ಭಾಗಿಸಿ. ಪ್ರತಿ ನೂರು ಮೀಟರಿಗೆ ಸರಾಸರಿ 12.6 ಸೆಕೆಂಡು, ಗಂಟೆಗೆ ಸುಮಾರು 28.5 ಕಿಲೋಮೀಟರ್ ವೇಗ. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58 ಸೆಕೆಂಡಿಗೆ ಓಡಿದಾಗ ಆತನ ಗರಿಷ್ಠ ವೇಗ ಗಂಟೆಗೆ 44 ಕಿಲೋಮೀಟರ್ ದಾಟಿತ್ತು. ರುಡಿಶಾ ನೂರು ಮೀಟರಿಗೆ ಅಂತಲೇ ಓಡಿದರೆ ಇನ್ನೂ ಜೋರಾಗಿ ಓಡ್ತಿದ್ದ, ನಿಜ. ಆದರೂ ಆ ಅಂತರವನ್ನು ಛಲ ಒಂದೇ ತುಂಬೋದಿಲ್ಲ. ಯಾಕೆ?

ನಮ್ಮ ಮೈಯೊಳಗೆ ಒಂದೇ ಟ್ಯಾಂಕ್ ಇಲ್ಲ, ಮೂರಿವೆ. ಮೊದಲನೆಯದು ಸ್ನಾಯುವಿನಲ್ಲೇ ಸಿದ್ಧವಾಗಿರುವ ಇಂಧನ. ಪಟಾಕಿಯಂತೆ ಸಿಡಿಯುತ್ತೆ, ಕೆಲವೇ ಸೆಕೆಂಡುಗಳಲ್ಲಿ ಖಾಲಿ. ಎರಡನೆಯದು ಆಮ್ಲಜನಕಕ್ಕೆ ಕಾಯದೆ ಸಕ್ಕರೆಯನ್ನು ಉರಿಸುವ ವ್ಯವಸ್ಥೆ. 400 ಮೀಟರಿನ ಕೊನೆಗೆ ತೊಡೆ ಕಲ್ಲಾಗೋದು ಈ ಟ್ಯಾಂಕಿನ ಮೇಲೆ ಓಡಿದ್ದಕ್ಕೆ. ಮೂರನೆಯದು ಉಸಿರಾಟದಿಂದ ನಡೆಯುವ ನಿಧಾನದ, ಆದರೆ ಮುಗಿಯದ ಒಲೆ. 100 ಮೀಟರ್ ಓಟ ಬಹುಪಾಲು ಮೊದಲೆರಡರಲ್ಲೇ ಮುಗಿದುಹೋಗುತ್ತೆ. 800ರಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ಮೂರನೆಯದರಿಂದ ಬರುತ್ತೆ. 1500ರಲ್ಲಿ ಅದು ಇನ್ನೂ ಹೆಚ್ಚು. ಇದರ ಜೊತೆಗೆ ಸ್ನಾಯುವಿನ ಎಳೆಗಳಲ್ಲೂ ಬೇಗ ಸಿಡಿಯುವವು, ತಡವಾಗಿ ದಣಿಯುವವು ಅಂತ ಎರಡು ಜಾತಿ. ಹುಟ್ಟಿನಿಂದ ಬಂದ ಪಾಲನ್ನು ತರಬೇತಿ ಸ್ವಲ್ಪ ತಿದ್ದಬಹುದು, ಪೂರ್ತಿ ಬದಲಿಸೋದು ಕಷ್ಟ.

ಹಾಗಾದರೆ ಹ್ವಾಂಟೊರೆನಾ? ಅಲ್ಲೇ ಇರೋದು ಗುಟ್ಟು. ಆತ ಮೂಲತಃ 400 ಮೀಟರ್ ಓಟಗಾರ. 800ಕ್ಕೆ ಗಂಭೀರವಾಗಿ ಕೈಹಾಕಿದ್ದೇ ಆ ಒಲಿಂಪಿಕ್ಸ್ ವರ್ಷದಲ್ಲಿ. ಅಂದರೆ ವೇಗದವನು ದೂರಕ್ಕೆ ಏರಿದ, ದೂರದವನು ವೇಗಕ್ಕೆ ಇಳಿದಿದ್ದಲ್ಲ. ಇದನ್ನು ಅಳೆಯೋಕೆ ಒಂದು ಸುಲಭದ ಲೆಕ್ಕ ಇದೆ. 400ರ ಸಮಯವನ್ನು ಎರಡು ಪಟ್ಟು ಮಾಡಿ, 800ರ ಸಮಯದಿಂದ ಕಳೆಯಿರಿ. ಹ್ವಾಂಟೊರೆನಾಗೆ ಉಳಿಯೋದು ಸುಮಾರು 15 ಸೆಕೆಂಡು. ವೇಗ ಜಾಸ್ತಿ ಇದೆ, ಸುತ್ತು ಹೆಚ್ಚಾದಂತೆ ದಣಿವೂ ಜಾಸ್ತಿ. ರುಡಿಶಾನ 400ರ ಸಾಧನೆ 45 ಸೆಕೆಂಡು ಚಿಲ್ಲರೆ. ಆತನಿಗೆ ಉಳಿಯೋದು 10 ಸೆಕೆಂಡಿನ ಆಸುಪಾಸು. ಅಲ್ಲಿ ವೇಗ ತುಸು ಕಡಿಮೆ, ಹಿಡಿದಿಡುವ ಶಕ್ತಿ ಅಪಾರ. ಇಬ್ಬರೂ 800ರ ಚಾಂಪಿಯನ್ನರೇ, ಬಂದ ದಾರಿ ಬೇರೆ.

ಬಳ್ಳಾರಿಯವರಿಗೆ ಇದನ್ನು ಅರ್ಥಮಾಡಿಸೋದು ಕಷ್ಟವಲ್ಲ. 1953ರ ಅಕ್ಟೋಬರ್ 1ರಂದು ಹಳೆಯ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯನ್ನು ಒಡೆದಾಗ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪ ಮೈಸೂರಿಗೆ ಬಂದವು. ಗೆರೆ ಎಳೆದರು, ಮಾತು ಗೆರೆ ಕೇಳಲಿಲ್ಲ. ಇಂದಿಗೂ ಸಿರುಗುಪ್ಪದ ಸಂತೆಯಲ್ಲಿ ಚೌಕಾಸಿ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯಬಹುದು. ಓಟದ ಲೋಕದಲ್ಲಿ 400 ಮೀಟರ್ ಅನ್ನೋದು ಇಂಥದೇ ಗಡಿ ಊರು. 200 ಓಡುವವನೂ ಅಲ್ಲಿಗೆ ಬರ್ತಾನೆ, 800 ಓಡುವವನೂ ಬರ್ತಾನೆ. ಮಿಲ್ಖಾ ಸಿಂಗ್ 1958ರ ಟೋಕಿಯೊ ಏಷ್ಯನ್ ಗೇಮ್ಸ್‌ನಲ್ಲಿ 200 ಮತ್ತು 400 ಎರಡನ್ನೂ ಗೆದ್ದರು. ಗಡಿಯ ಈಚೆಯಿಂದ ಬಂದವರು ಅವರು.

ಆಚೆಯಿಂದ ಬಂದವರು? 1986ರ ಸೋಲ್ ಏಷ್ಯನ್ ಗೇಮ್ಸ್ ನೆನಪಿಸಿಕೊಳ್ಳಿ. ಆ ವರ್ಷ ಪಿ.ಟಿ. ಉಷಾ 200, 400, 400 ಹರ್ಡಲ್ಸ್ ಮತ್ತು ರಿಲೇಯಲ್ಲಿ ನಾಲ್ಕು ಚಿನ್ನ, 100ರಲ್ಲಿ ಬೆಳ್ಳಿ ಗೆದ್ದರು. 400ರಲ್ಲಿ ಅವರ ಹಿಂದೆಯೇ ಬಂದು ಬೆಳ್ಳಿ ಗೆದ್ದವರು ಶೈನಿ ಅಬ್ರಹಾಂ. ಶೈನಿ ಯಾರು? 800 ಮೀಟರ್‌ನಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಸೆಮಿಫೈನಲ್ ತಲುಪಿದ್ದವರು. ಸೋಲ್‌ನ 800ರಲ್ಲಿ ಲೇನ್ ಬೇಗ ಬಿಟ್ಟರು ಅಂತ ಅನರ್ಹಗೊಂಡು ಚಿನ್ನ ಕಳೆದುಕೊಂಡರು. ಆದರೆ 4x400 ರಿಲೇಯಲ್ಲಿ ಎಂ.ಡಿ. ವಲ್ಸಮ್ಮ, ನಮ್ಮ ಕರ್ನಾಟಕದ ವಂದನಾ ರಾವ್, ಶೈನಿ ಮತ್ತು ಉಷಾ ಸೇರಿ ಚಿನ್ನ ತಂದರು. 100 ಮೀಟರ್ ಓಡುವಾಕೆ ಮತ್ತು 800 ಮೀಟರ್ ಓಡುವಾಕೆ ಒಂದೇ ಬ್ಯಾಟನ್ ಹಿಡಿದು ಗೆದ್ದ ದಿನ ಅದು. 2002ರ ಬೂಸಾನ್‌ನಲ್ಲಿ ಕೆ.ಎಂ. ಬೀನಾಮೋಳ್ ಕೂಡ ಹಾಗೇ. 800ರಲ್ಲಿ ಚಿನ್ನ, 400ರಲ್ಲಿ ಬೆಳ್ಳಿ.

ಆದರೆ ಗಮನಿಸಿ. ಶೈನಿಯೂ ಬೀನಾಮೋಳ್ ಕೂಡ ಗಡಿ ಊರಿನವರೆಗೆ ಬಂದರು, 100ರ ರಾಜಧಾನಿಗೆ ಹೋಗಿ ಪದಕ ತರಲಿಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 800ರ ಚಿನ್ನ ಗೆದ್ದ ಕೀನ್ಯಾದ ಇಮ್ಯಾನುಯೆಲ್ ಕೋರಿರ್ 400 ಮೀಟರನ್ನು 44.21ಕ್ಕೆ ಓಡಿದವನು. ಅಂಥವನು ಯಾವ 400ರ ಫೈನಲ್‌ಗೂ ಲಾಯಕ್ಕು. ಆದರೆ 100 ಮೀಟರಿನಲ್ಲಿ ಬ್ಲಾಕ್‌ನಿಂದ ಹಾರುವ ಸಿಡಿತ, ನೆಲ ಮುಟ್ಟಿ ಬಿಡುವ ಹೊತ್ತು ಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ ಇರಬೇಕಾದ ಹೆಜ್ಜೆ, ಇವೆಲ್ಲ ಬೇರೆಯೇ ವಿದ್ಯೆ. ನನ್ನ ಉತ್ತರ ಇಷ್ಟು: 400ಕ್ಕೆ ಹೌದು, 200ಕ್ಕೆ ಅಪರೂಪ, 100ಕ್ಕೆ ಇಲ್ಲ.

ಈ ಮಾತನ್ನು ನಮ್ಮ ನಾಡಿನ ಒಬ್ಬ ಓಟಗಾರ ನನಗಿಂತ ಚೆನ್ನಾಗಿ ಹೇಳಿದ್ದಾರೆ. 2020ರ ಫೆಬ್ರುವರಿ. ಮೂಡುಬಿದಿರೆ ಬಳಿಯ ಮಿಜಾರಿನ ಶ್ರೀನಿವಾಸ ಗೌಡ ಐಕಳ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿಗೆ ಓಡಿದರು. ಭಾಗಾಕಾರ ಮಾಡಿದ ದೇಶ 'ಬೋಲ್ಟ್‌ಗಿಂತ ವೇಗ' ಅಂತ ಕುಣಿಯಿತು. ಕೇಂದ್ರ ಕ್ರೀಡಾ ಸಚಿವರಾಗಿದ್ದ ಕಿರಣ್ ರಿಜಿಜು ಟ್ರಯಲ್ಸ್‌ಗೆ ಕರೆದರು. ಶ್ರೀನಿವಾಸ ಗೌಡ ವಿನಯದಿಂದಲೇ ಬೇಡ ಅಂದರು. ಕಂಬಳದಲ್ಲಿ ಹಿಮ್ಮಡಿಯ ಕೆಲಸ, ಟ್ರ್ಯಾಕ್‌ನಲ್ಲಿ ಕಾಲ್ಬೆರಳಿನ ಕೆಲಸ ಅನ್ನೋದು ಅವರ ವಾದ. ಕೋಣಗಳು ಎಳೆಯುತ್ತವೆ, ಕೆಸರಿದೆ, ಬ್ಲಾಕ್ ಇಲ್ಲ. ಸ್ಟುಡಿಯೋಗಳ ಗದ್ದಲದ ನಡುವೆ ವಿಜ್ಞಾನ ಮಾತಾಡಿದ್ದು ಆ ಒಬ್ಬರೇ ಅಂತ ನನಗೆ ಅನ್ನಿಸಿತ್ತು. ಮೂರು ವರ್ಷದ ನಂತರ ಉಡುಪಿ ಜಿಲ್ಲೆಯ ಮಣಿಕಂಠ ಹೋಬಳಿದಾರ್ ಬೆಂಗಳೂರಿನ ಟ್ರ್ಯಾಕ್‌ನಲ್ಲಿ 10.23 ಸೆಕೆಂಡಿಗೆ ಓಡಿ 100 ಮೀಟರಿನ ರಾಷ್ಟ್ರೀಯ ದಾಖಲೆ ಬರೆದರು. ಅದು ವರ್ಷಗಟ್ಟಲೆ ಅದೇ ವಿದ್ಯೆ ಕಲಿತದ್ದರ ಫಲ.

ಈಗ ಬಳ್ಳಾರಿಗೆ ವಾಪಸ್ ಬರೋಣ. ಕರ್ನಾಟಕಕ್ಕೆ ಓಟದ ಇತಿಹಾಸ ಇಲ್ಲ ಅನ್ನೋ ಹಾಗಿಲ್ಲ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆ 19ನೆಯವರಾಗಿ ಬಂದರು. 1964ರ ಟೋಕಿಯೊದಲ್ಲಿ ಕೋಲಾರದ ಕೆನೆತ್ ಪೊವೆಲ್ 100, 200 ಓಡಿದರು. ಒಂದು ತುದಿಯಲ್ಲಿ ಮ್ಯಾರಥಾನ್, ಇನ್ನೊಂದು ತುದಿಯಲ್ಲಿ ಸ್ಪ್ರಿಂಟ್. 2018ರಿಂದ ತೋರಣಗಲ್ಲಿನ ಬಳಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ದೇಶದ ದೊಡ್ಡ ದೊಡ್ಡ ಕ್ರೀಡಾಪಟುಗಳು ಬಂದು ತಯಾರಾಗುವ ಜಾಗ ಈ ಜಿಲ್ಲೆಯಲ್ಲೇ ಇದೆ. ಆದರೆ ಕುರುಗೋಡಿನ ದೊಡ್ಡ ಬಸವೇಶ್ವರನ ತೇರಿನ ಬೀದಿಯಲ್ಲಿ ಓಡಾಡಿ ಬೆಳೆದ ಹುಡುಗಿ, ಸಿರುಗುಪ್ಪದ ಭತ್ತದ ಗದ್ದೆ ಬದುವಿನ ಮೇಲೆ ಓಡುವ ಹುಡುಗ ಅಲ್ಲಿಗೆ ತಲುಪಬೇಕಾದರೆ ಮೊದಲು ಶಾಲೆಯಲ್ಲಿ ಯಾರಾದರೂ ಗಡಿಯಾರ ಹಿಡಿದು ನೋಡಬೇಕು.

ನಮ್ಮಲ್ಲಿ ಆಗೋದೇನು? ಶಾಲೆಯ ಕ್ರೀಡಾಕೂಟದಲ್ಲಿ 100 ಮೀಟರ್ ಗೆದ್ದವನೇ ಹೀರೋ. ಅವನನ್ನೇ 800ಕ್ಕೂ ನಿಲ್ಲಿಸ್ತಾರೆ. 100ರಲ್ಲಿ ಐದನೆಯವನಾದ ಹುಡುಗ ಮನೆಗೆ ಹೋಗ್ತಾನೆ. ಎರಡು ಸುತ್ತು ಓಡಿಸಿದ್ದರೆ ಅವನೇ ಎಲ್ಲರನ್ನೂ ಹಿಂದೆ ಹಾಕ್ತಿದ್ದನೇನೋ, ಅದನ್ನು ಯಾರೂ ನೋಡೋದಿಲ್ಲ. ಮುಂದೆ ಅದೇ ಹುಡುಗ ಪೊಲೀಸ್ ಪರೀಕ್ಷೆಯ 1600 ಮೀಟರನ್ನು ಮೈ ಬೆವರದೆ ಮುಗಿಸಿದರೂ ಸಿಗೋದು 'ಪಾಸ್' ಅನ್ನೋ ಒಂದು ಗುರುತು ಮಾತ್ರ.

ಇದಕ್ಕೆ ಕೋಟಿಗಟ್ಟಲೆ ಹಣ ಬೇಡ. ಒಂದು ಸ್ಟಾಪ್‌ವಾಚ್, ಒಂದು ನೋಟ್‌ಬುಕ್. ಪ್ರತಿ ಮಗುವನ್ನೂ ವರ್ಷಕ್ಕೆರಡು ಸಲ 200, 400, 800 ಓಡಿಸಿ, ಮೂರು ಅಂಕಿ ಬರೆದಿಡಿ. ಯಾರು ಸಿಡಿಯೋರು, ಯಾರು ತಾಳಿಕೊಳ್ಳೋರು, ಯಾರು ಗಡಿ ಊರಿನವರು ಅನ್ನೋದನ್ನು ಅಂಕಿಗಳೇ ಹೇಳುತ್ತವೆ. ಶ್ರೀರಾಮ್ ಸಿಂಗ್‌ಗೆ ಇಲ್ಯಾಸ್ ಬಾಬರ್ ಎಂಬ ಗುರು ಸಿಕ್ಕಿದ್ದರು, 800 ಅವರ ಓಟವಾಯಿತು, ಒಲಿಂಪಿಕ್ಸ್ ಫೈನಲ್ ಜಗತ್ತು ಒಂದು ಸುತ್ತಿನವರೆಗೆ ಅವರ ಬೆನ್ನು ನೋಡಿಕೊಂಡು ಓಡಿತು. ಬಳ್ಳಾರಿಯ ಬಿಸಿಲಿನಲ್ಲಿ ಓಡ್ತಿರುವ ಹುಡುಗರಿಗೂ ಅವರವರ ಓಟ ಯಾವುದು ಅಂತ ಹೇಳೋರು ಬೇಕು. ಹದಿನೆಂಟು ವರ್ಷ ತುಂಬಿ ಪೊಲೀಸ್ ಮೈದಾನಕ್ಕೆ ಬರುವ ಮೊದಲೇ ಬೇಕು.