ತಪಸ್ಸುಕಾಲದ ಕಾಣಿಕೆ ಮತ್ತು ನಮ್ಮ ಲೂಥರನ್ ಸಹೋದರರು



ವಿಭೂತಿ ಬುಧವಾರದಂದು ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ಮುನ್ನ ನಾವು ಆಲಿಸುವ ಶುಭಸಂದೇಶದಲ್ಲಿ ಪ್ರಭು ಯೇಸು ಮೂರು ಸತ್ಕಾರ್ಯಗಳ ಬಗ್ಗೆ ಬೋಧಿಸುತ್ತಾರೆ. ಮತ್ತಾಯನ ಆರನೆಯ ಅಧ್ಯಾಯದಲ್ಲಿ ದಾನಧರ್ಮ ಮೊದಲು, ಪ್ರಾರ್ಥನೆ ಆಮೇಲೆ, ಉಪವಾಸ ಕೊನೆಗೆ. ನಾವಾದರೋ ಕೊನೆಯದನ್ನೇ ಮೊದಲು ಹಿಡಿದುಕೊಂಡಿದ್ದೇವೆ. ಶುಕ್ರವಾರ ಮಾಂಸ ಬಿಟ್ಟರೆ, ಶಿಲುಬೆ ಹಾದಿಗೆ ಬಂದರೆ ತಪಸ್ಸುಕಾಲ ಮುಗಿಯಿತು ಎಂಬ ಭಾವನೆ. ಲೂಥರನ್ನರು ಉಪವಾಸವನ್ನು ಬಿಟ್ಟವರು, ಅವರಿಗೆ ತಪಸ್ಸುಕಾಲವೇ ಇಲ್ಲ ಎಂಬ ಮಾತೂ ನಮ್ಮ ನಡುವೆ ಇದೆ. ಆ ಮಾತು ಅರ್ಧದಷ್ಟೂ ನಿಜವಲ್ಲ.

1522ರ ಮಾರ್ಚ್ 9, ತಪಸ್ಸುಕಾಲದ ಮೊದಲ ಭಾನುವಾರ. ವಾರ್ಟ್‌ಬುರ್ಗ್ ಕೋಟೆಯಲ್ಲಿ ಅಡಗಿದ್ದ ಮಾರ್ಟಿನ್ ಲೂಥರ್ ವಿಟೆನ್‌ಬರ್ಗ್‌ಗೆ ಹಿಂದಿರುಗಿ ಪ್ರಸಂಗಪೀಠ ಏರಿದರು. ಸತತ ಎಂಟು ದಿನ ಪ್ರಬೋಧನೆ ಮಾಡಿದರು. ಅವರಿಲ್ಲದಾಗ ಆ ಊರಿನಲ್ಲಿ ಸುಧಾರಣೆಯ ಹೆಸರಿನಲ್ಲಿ ಬಹಳ ಗದ್ದಲ ನಡೆದಿತ್ತು. ಮಾಂಸ ತಿನ್ನುವುದು ಪಾಪವಲ್ಲ ಎಂದು ಹೇಳಿದ ಲೂಥರ್, ಬಲಹೀನ ಸಹೋದರನ ಮನಸ್ಸು ನೋಯಿಸಿ ತಿನ್ನುವುದು ಎಂಥ ಸ್ವಾತಂತ್ರ್ಯ ಎಂದು ತಮ್ಮವರನ್ನೇ ಗದರಿಸಿದರು. ನಿಮ್ಮಲ್ಲಿ ಪ್ರೀತಿಯೇ ಕಾಣುತ್ತಿಲ್ಲ ಎಂಬುದು ಅವರ ದೂರು. ಉಪವಾಸದಿಂದ ಪುಣ್ಯ ಸಂಪಾದಿಸಿ ರಕ್ಷಣೆ ಪಡೆಯಬಹುದು ಎಂಬುದನ್ನು ಅವರು ವಿರೋಧಿಸಿದರೇ ಹೊರತು ಉಪವಾಸವನ್ನಲ್ಲ. 1529ರ ಅವರ ಕಿರು ಧರ್ಮೋಪದೇಶದಲ್ಲಿ ಉಪವಾಸವು ದೇಹಕ್ಕೆ ಒಳ್ಳೆಯ ಶಿಸ್ತು ಎಂದೇ ಇದೆ.

ಹಾಗಾದರೆ ಬಡವರ ಗತಿಯೇನು? ಪುಣ್ಯಕ್ಕಾಗಿ ಭಿಕ್ಷೆ ಹಾಕುವುದು ನಿಂತರೆ ಭಿಕ್ಷುಕನ ಹೊಟ್ಟೆಗೆ ಯಾರು ದಿಕ್ಕು? ಈ ಪ್ರಶ್ನೆಗೆ ಸ್ಯಾಕ್ಸನಿಯ ಲೈಸ್ನಿಗ್ ಎಂಬ ಪುಟ್ಟ ಊರು 1523ರಲ್ಲಿ ಉತ್ತರ ಹುಡುಕಿತು. ಅಲ್ಲಿನ ಸಭೆಯವರು ದೇವಾಲಯದಲ್ಲಿ ಒಂದು ಸಾಮೂಹಿಕ ಪೆಟ್ಟಿಗೆ ಇಡಲು ನಿರ್ಧರಿಸಿದರು. ಪೆಟ್ಟಿಗೆಗೆ ನಾಲ್ಕು ಬೀಗ. ಒಂದು ಕೀಲಿಕೈ ಶ್ರೀಮಂತ ಮನೆತನದವರ ಬಳಿ, ಒಂದು ನಗರಸಭೆಯವರ ಬಳಿ, ಒಂದು ಊರಿನ ನಾಗರಿಕರ ಬಳಿ, ಇನ್ನೊಂದು ಹಳ್ಳಿಯ ರೈತರ ಬಳಿ. ನಾಲ್ವರೂ ಕೂಡದೆ ಪೆಟ್ಟಿಗೆ ತೆರೆಯುವಂತಿಲ್ಲ. ಹತ್ತು ಮಂದಿ ಮೇಲ್ವಿಚಾರಕರು ಪ್ರತಿ ಭಾನುವಾರ ಸೇರಬೇಕು, ಲೆಕ್ಕ ಬರೆಯಬೇಕು, ಅದನ್ನು ಸಭೆಯ ಮುಂದೆ ಒಪ್ಪಿಸಬೇಕು. ಅನಾಥ ಮಕ್ಕಳು, ವೃದ್ಧರು, ರೋಗಿಗಳು, ಸಾಲದಲ್ಲಿ ಬಿದ್ದ ಕುಶಲಕರ್ಮಿಗಳು, ಹುಡುಗಿಯರ ಶಾಲೆ, ಎಲ್ಲಕ್ಕೂ ಅದರಿಂದಲೇ ಹಣ. ಈ ನಿಯಮಾವಳಿಗೆ ಲೂಥರ್ ತಾವೇ ಮುನ್ನುಡಿ ಬರೆದು ಅಚ್ಚು ಹಾಕಿಸಿದರು.

ಆ ಪೆಟ್ಟಿಗೆಗೆ ಬರಬೇಕಾಗಿದ್ದ ಹಣದ ದೊಡ್ಡ ಪಾಲು ಹಿಂದಿನ ಭಕ್ತರು ಬಲಿಪೂಜೆಗಳಿಗೂ ದೇವಾಲಯಕ್ಕೂ ಬಿಟ್ಟುಹೋಗಿದ್ದ ದತ್ತಿ ಎಂಬುದನ್ನು ಕಥೋಲಿಕ ಗುರುವಾದ ನಾನು ಹೇಳದೆ ಇರಲಾರೆ. ನಗರಸಭೆಯವರು ಆ ದತ್ತಿಯನ್ನು ಬಿಟ್ಟುಕೊಡಲು ಒಪ್ಪದೆ ಜಗಳವಾಯಿತು. ಯೋಜನೆ ಬರೆದಂತೆ ನಡೆಯಲಿಲ್ಲ. ಬಡವರ ಹೆಸರಿನ ಹಣ ಕಂಡಾಗ ಕೈಗಳು ಹೇಗೆ ಬಿಗಿಯಾಗುತ್ತವೆ ಎಂಬುದಕ್ಕೆ ಪಂಗಡ ಭೇದವಿಲ್ಲ! ಹಾಗೆಯೇ ಇದು ಲೂಥರನ್ನರೊಬ್ಬರದೇ ಚಿಂತನೆಯೂ ಅಲ್ಲ. ಕಥೋಲಿಕ ನಗರವಾದ ಈಪ್ರ್ 1525ರಲ್ಲಿ ಇಂಥದೇ ವ್ಯವಸ್ಥೆ ಮಾಡಿತು. ಕಥೋಲಿಕ ವಿದ್ವಾಂಸ ಹುವಾನ್ ಲೂಯಿಸ್ ವೀವೆಸ್ 1526ರಲ್ಲಿ ಬಡವರ ನೆರವಿನ ಬಗ್ಗೆ ಪುಸ್ತಕವನ್ನೇ ಬರೆದರು.

ಮುಂದೆ 1695ರಲ್ಲಿ, ಪಾಸ್ಖ ಹಬ್ಬದ ಹೊತ್ತಿಗೆ, ಹಾಲೆ ನಗರದ ಬಳಿ ಆಗಸ್ಟ್ ಹೆರ್ಮನ್ ಫ್ರಾಂಕೆ ಎಂಬ ಪಾದ್ರಿಯ ಮನೆಯ ಕಾಣಿಕೆ ಡಬ್ಬಿಯಲ್ಲಿ ನಾಲ್ಕು ಥಾಲರ್, ಹದಿನಾರು ಗ್ರೋಷೆನ್ ಸಿಕ್ಕಿತು. ಅಷ್ಟರಿಂದ ಬಡಮಕ್ಕಳ ಶಾಲೆ ಆರಂಭವಾಗಿ ಮುಂದೆ ದೊಡ್ಡ ಅನಾಥಾಶ್ರಮವೇ ಬೆಳೆಯಿತು. 1706ರಲ್ಲಿ ತಮಿಳು ಕರಾವಳಿಯ ತರಂಗಂಬಾಡಿಗೆ ಬಂದ ಮೊದಲ ಲೂಥರನ್ ಮಿಷನರಿಗಳು ಈ ಹಾಲೆಯ ಬಳಗದವರೇ.

ತಪಸ್ಸುಕಾಲಕ್ಕೆಂದೇ ದೇಶವ್ಯಾಪಿ ಸಂಗ್ರಹ ಬಂದದ್ದು ಎರಡನೆಯ ಮಹಾಯುದ್ಧದ ನಂತರ. ಫಿನ್ಲೆಂಡಿನ ಲೂಥರನ್ ಸಭೆ 1950ರಲ್ಲಿ ‘ಸಾಮೂಹಿಕ ಹೊಣೆ’ ಎಂಬ ಅರ್ಥದ ಹೆಸರಿನಲ್ಲಿ ಅದನ್ನು ಆರಂಭಿಸಿತು. ಜರ್ಮನಿಯ ನಮ್ಮ ಧರ್ಮಾಧ್ಯಕ್ಷರುಗಳು ಕಾರ್ಡಿನಲ್ ಫ್ರಿಂಗ್ಸ್ ಅವರ ಸಲಹೆಯಂತೆ 1958ರಲ್ಲಿ ‘ಮಿಸೆರಿಯೋರ್’ ಸ್ಥಾಪಿಸಿ ಮರುವರ್ಷವೇ ತಪಸ್ಸುಕಾಲದ ಕಾಣಿಕೆ ಎತ್ತಿದರು. ನಾರ್ವೆಯಲ್ಲಿ ಸಭೆಯ ನೆರವು ಸಂಸ್ಥೆ 1967ರಿಂದ ಇದನ್ನು ನಡೆಸುತ್ತಿದೆ. ಅಲ್ಲಿ ಗರಿಗಳ ಭಾನುವಾರದ ಹಿಂದಿನ ವಾರ ದೃಢೀಕರಣಕ್ಕೆ ಸಿದ್ಧರಾಗುತ್ತಿರುವ ಹುಡುಗ ಹುಡುಗಿಯರು ಡಬ್ಬಿ ಹಿಡಿದು ಮನೆಮನೆಯ ಬಾಗಿಲು ತಟ್ಟುತ್ತಾರೆ. ಹಲವು ವರ್ಷಗಳಿಂದ ಅವರು ಕೇಳುತ್ತಿರುವುದು ಬಡ ದೇಶಗಳ ಜನರಿಗೆ ಶುದ್ಧ ಕುಡಿಯುವ ನೀರಿಗಾಗಿ. ನಮ್ಮ ಧರ್ಮೋಪದೇಶ ತರಗತಿಯ ಮಕ್ಕಳಿಗೆ ಪಾಠ ಬಾಯಿಪಾಠ ಮಾಡಿಸುವ ನಾವು, ಹೀಗೆ ಬಾಗಿಲು ತಟ್ಟಲು ಕಳಿಸಿದ್ದೇವೆಯೇ?

ಅದೇ 1967ರಲ್ಲಿ ನೈಜೀರಿಯಾದಲ್ಲಿ ಬಿಯಾಫ್ರಾ ಯುದ್ಧ ಆರಂಭವಾಯಿತು. ದಿಗ್ಬಂಧನದೊಳಗೆ ಮಕ್ಕಳು ಹಸಿವಿನಿಂದ ಸಾಯತೊಡಗಿದರು. ಆ ಇಬೋ ಜನರಲ್ಲಿ ಬಹಳಷ್ಟು ಮಂದಿ ಕಥೋಲಿಕರು. 1968ರಲ್ಲಿ ಉತ್ತರ ಯೂರೋಪಿನ ಲೂಥರನ್ ಸಭೆಗಳ ನೆರವು ಸಂಸ್ಥೆಗಳು, ನಾರ್ವೆಯದೂ ಸೇರಿದಂತೆ, ಕಥೋಲಿಕ ಕಾರಿತಾಸ್ ಮತ್ತಿತರರೊಡನೆ ಕೈಜೋಡಿಸಿದವು. ಸಾವೊ ಟೋಮೆ ದ್ವೀಪದಿಂದ ವಿಮಾನಗಳು ರಾತ್ರಿ ಹೊತ್ತಿನಲ್ಲಿ ಹಾರಿ, ರಸ್ತೆಯನ್ನೇ ಅಗಲ ಮಾಡಿದ್ದ ಉಲಿ ಎಂಬಲ್ಲಿ ಇಳಿಯುತ್ತಿದ್ದವು. ಬಾಂಬಿನ ಭಯದಿಂದ ಇಳಿಯುವ ಕ್ಷಣಕ್ಕಷ್ಟೇ ದೀಪ. ಐದು ಸಾವಿರಕ್ಕೂ ಹೆಚ್ಚು ಹಾರಾಟಗಳಲ್ಲಿ ಸುಮಾರು 60,000 ಟನ್ ಆಹಾರ, ಔಷಧ ಸಾಗಿತು. ಕೆಲವು ವೈಮಾನಿಕರು ಪ್ರಾಣವನ್ನೇ ತೆತ್ತರು. ಜನರು ಈ ವಿಮಾನಗಳನ್ನು ‘ಜೀಸಸ್ ಕ್ರೈಸ್ಟ್ ಏರ್‌ಲೈನ್ಸ್’ ಎಂದು ಕರೆದರು. ಈ ನೆರವಿನಿಂದ ಯುದ್ಧವೇ ಲಂಬಿಸಿತು ಎಂದು ಟೀಕಿಸಿದವರೂ ಇದ್ದಾರೆ. ಆದರೆ ಕಣ್ಣೆದುರು ಸಾಯುವ ಮಗುವಿಗೆ ಹಾಲಿನ ಪುಡಿ ಕೊಡದೆ ಕಾಯಿರಿ ಎನ್ನುವುದು ನನ್ನಿಂದಾಗದು.

1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ನಮ್ಮ ಧರ್ಮಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ರಕ್ಷಣೆಯ ಕೃಪೆಯ ಕುರಿತು ಜಂಟಿ ಘೋಷಣೆಗೆ ಸಹಿ ಹಾಕಿದವು. 2016ರ ಅದೇ ದಿನ ಸ್ವೀಡನ್ನಿನ ಲುಂಡ್ ದೇವಾಲಯದಲ್ಲಿ ಜಗದ್ಗುರು ಫ್ರಾನ್ಸಿಸ್ ಲೂಥರನ್ ನಾಯಕರೊಡನೆ ಪ್ರಾರ್ಥಿಸಿದ ಚಿತ್ರವನ್ನು ಎಲ್ಲರೂ ನೋಡಿದರು. ಅಂದೇ ಹತ್ತಿರದ ಮಾಲ್ಮೊ ನಗರದ ಕ್ರೀಡಾಂಗಣದಲ್ಲಿ ಇನ್ನೊಂದು ಕಾಗದಕ್ಕೂ ಸಹಿ ಬಿತ್ತು. ಅದು ಕಾರಿತಾಸ್ ಮತ್ತು ಲೂಥರನ್ ಒಕ್ಕೂಟದ ಸೇವಾ ವಿಭಾಗ ಬಡವರಿಗಾಗಿ, ನಿರಾಶ್ರಿತರಿಗಾಗಿ ಒಟ್ಟಾಗಿ ದುಡಿಯುವ ಒಪ್ಪಂದ.