ಬಿಳಿ ನೊಣದಿಂದ ಜೀನ್ ಕುಟುಂಬದವರೆಗೆ: ಕೋಲಾರದ ಟೊಮೆಟೊ ಎಲೆ ಮುಟುರು ರೋಗದ ಸಂಶೋಧನಾ ಚರಿತ್ರೆ

ಸಾರಾಂಶ

ಇಡೀ ಜೀನೋಮನ್ನು ಗಣಕದಲ್ಲಿ ಜಾಲಾಡಿ ಜೀನ್ ಕುಟುಂಬಗಳನ್ನು ಗುರುತಿಸುವ ವಿಧಾನ ಟೊಮೆಟೊಗೆ ಬರುವ ಮೊದಲೇ ರೋಗವಾಹಕದ ಪತ್ತೆಯೂ ನಿರೋಧಕ ತಳಿಯೂ ಬಂದಿದ್ದವು. ಜೀನ್ ಪಟ್ಟಿ ಹೊಲದ ಅನುಭವಕ್ಕೆ ವಿವರಣೆ ಕೊಟ್ಟಿತೇ ಹೊರತು ಅದರ ಸ್ಥಾನಕ್ಕೆ ಬರಲಿಲ್ಲ ಎಂಬುದು ಈ ಲೇಖನದ ವಾದ.

1. ಹೊಲದಲ್ಲಿ ಸಿಕ್ಕ ಗುರುತು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಸದಾ ಹರಿಯುವ ನದಿಯಿಲ್ಲ. ಕೊಳವೆಬಾವಿ ನೀರಿನಲ್ಲಿ ಟೊಮೆಟೊ ವರ್ಷವಿಡೀ ಒಂದಲ್ಲ ಒಂದು ತೋಟದಲ್ಲಿ ಇದ್ದೇ ಇರುತ್ತದೆ. ಬೆಳೆಗೆ ಬಿಡುವಿಲ್ಲದ ಕಡೆ ಎಲೆ ಮುಟುರು ರೋಗ ತರುವ ವೈರಸ್‌ಗೂ ಬಿಡುವಿಲ್ಲ. ಹಳೆ ತೋಟದ ಬಿಳಿ ನೊಣ ಪಕ್ಕದ ಹೊಸ ನಾಟಿಗೆ ಅದನ್ನು ದಾಟಿಸುತ್ತದೆ. ಎಲೆ ಮುದುಡಿ, ಗಿಡ ಗಿಡ್ಡಾಗಿ, ಕಾಯಿ ಕಟ್ಟುವುದು ಕುಗ್ಗುತ್ತದೆ.

1999ರಲ್ಲಿ ಕೋಲಾರ ಜಿಲ್ಲೆಯಲ್ಲಿ ಈ ನೊಣ ವಿಪರೀತ ಹೆಚ್ಚಿತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿ. ಮುನಿಯಪ್ಪ, ಬ್ರಿಟನ್ನಿನ ಜಾನ್ ಕಾಲ್ವಿನ್ ಮೊದಲಾದವರ ತಂಡ 2001ರಲ್ಲಿ ‘ಪ್ಲಾಂಟ್ ಡಿಸೀಸ್’ ಪತ್ರಿಕೆಯಲ್ಲಿ ಇದು ಬೆಮಿಸಿಯಾ ಟಬಾಸಿಯ ‘ಬಿ’ ಬಗೆ, ಭಾರತದಲ್ಲಿ ಮೊದಲ ಸಲ ಕಂಡದ್ದು ಎಂದು ವರದಿ ಮಾಡಿತು. ಕಣ್ಣಿಗೆ ಒಂದೇ ರೀತಿ ಕಾಣುವ ನೊಣಗಳನ್ನು ಬೇರ್ಪಡಿಸಲು ಡಿಎನ್‌ಎ ಬೇಕು. ಈ ನೊಣಗಳ ಬಗ್ಗೆ ದಕ್ಷಿಣ ಭಾರತದಲ್ಲಿ ನಡೆದ 2005ರ ಸಮೀಕ್ಷೆಯೊಂದು ಅದಕ್ಕಾಗಿ ಮೈಟೊಕಾಂಡ್ರಿಯದ ಒಂದು ಜೀನ್‌ನ ತುಣುಕನ್ನು ನೆಚ್ಚಿಕೊಂಡಿತ್ತು.

2. ಜೀನೋಮಿಗಿಂತ ಮುಂಚಿನ ತಳಿ

ಇದೇ ವಿಶ್ವವಿದ್ಯಾಲಯದಿಂದ ನಂದಿ, ಸಂಕ್ರಾಂತಿ, ವೈಭವ್ ಎಂಬ ರೋಗ ನಿರೋಧಕ ತಳಿಗಳು ಬಂದವು. ಯಾವ ಗಿಡ ರೋಗವನ್ನು ತಡೆದು ನಿಂತಿತು ಎಂಬುದೇ ಆಯ್ಕೆಯ ಆಧಾರ. ಟೊಮೆಟೊದ ಜೀನೋಮ್ ಆಗಿನ್ನೂ ಪ್ರಕಟವಾಗಿರಲಿಲ್ಲ.

3. ಪಟ್ಟಿ ಮತ್ತು ಅಭಿವ್ಯಕ್ತಿ

2012ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಹೈಂಜ್ 1706 ತಳಿಯ ಜೀನೋಮ್ ಹೊರಬಂತು: 34,727 ಜೀನ್‌ಗಳು. ಐದನೆಯ ವರ್ಣತಂತುವಿನ ಹೊಣೆ ಭಾರತದ್ದಾಗಿತ್ತು. ಅಲ್ಲಿಂದ ಕೆಲಸದ ಕ್ರಮ ಬದಲಾಯಿತು. ಗೊತ್ತಿರುವ ಪ್ರೋಟೀನಿನ ವಿಶಿಷ್ಟ ಭಾಗವನ್ನು ಮಾದರಿಯಾಗಿಟ್ಟು, ಅದನ್ನು ಹೋಲುವ ಅನುಕ್ರಮಗಳನ್ನೆಲ್ಲ ಜೀನೋಮಿನಿಂದ ಹೆಕ್ಕಿ, ವಂಶವೃಕ್ಷ ಕಟ್ಟಿ, ಯಾವ ಜೀನ್ ಯಾವ ಅಂಗದಲ್ಲಿ, ಯಾವ ಒತ್ತಡದಲ್ಲಿ ಎಷ್ಟು ಕೆಲಸ ಮಾಡುತ್ತದೆಂದು, ಅಂದರೆ ಅದರ ಅಭಿವ್ಯಕ್ತಿಯನ್ನು, ಆರ್‌ಎನ್‌ಎ ಅಳೆದು ನೋಡುವುದು.

ಅದೇ ವರ್ಷ ‘ಜೀನ್’ ಪತ್ರಿಕೆಯ ಒಂದು ಅಧ್ಯಯನ ವೈರಸ್ ವಿರುದ್ಧದ ಆರ್‌ಎನ್‌ಎ ರಕ್ಷಣೆಗೆ ಸೇರಿದ ಮೂರು ಕುಟುಂಬಗಳನ್ನು ಎಣಿಸಿತು: 7 ಡೈಸರ್, 15 ಆರ್ಗೊನಾಟ್, 6 ಆರ್‌ಡಿಆರ್ (ಆರ್‌ಎನ್‌ಎಯಿಂದ ಆರ್‌ಎನ್‌ಎ ನಕಲಿಸುವ ಕಿಣ್ವ). 2013ರಲ್ಲಿ, ಕಾಡು ಟೊಮೆಟೊದಿಂದ ತಂದ ಟಿವೈ-1 ನಿರೋಧಕ ಜೀನ್ ಕೂಡ ಆರ್‌ಡಿಆರ್ ಕುಟುಂಬದ್ದೇ ಎಂದು ತಿಳಿಯಿತು. ತಳಿಗಾರರು ದಶಕಗಳಿಂದ ಬಳಸುತ್ತಿದ್ದ ಗುಣಕ್ಕೆ ಕುಲ ಸಿಕ್ಕಿತು.

2016ರಲ್ಲಿ ‘ಬಿ’ ಬಗೆಯ ನೊಣದ ಜೀನೋಮೂ ಬಂತು. ವಿಷವನ್ನು ಜೀರ್ಣಿಸುವ ಪಿ450 ಮೊದಲಾದ ಕುಟುಂಬಗಳು ಅದರಲ್ಲಿ ಹಿಗ್ಗಿದ್ದವು. ಕೀಟನಾಶಕಕ್ಕೆ ಈ ನೊಣ ಬಗ್ಗದಿರುವುದಕ್ಕೆ ಇದೊಂದು ಸಂಭಾವ್ಯ ಕಾರಣ.

4. ತೀರ್ಮಾನ

ಕುಟುಂಬದಲ್ಲಿ ಎಷ್ಟು ಜೀನ್‌ಗಳಿವೆ ಎಂಬುದು ಎಲ್ಲ ಊರಿಗೂ ಹೆಚ್ಚುಕಡಿಮೆ ಒಂದೇ, ಅಭಿವ್ಯಕ್ತಿ ಹಾಗಲ್ಲ. ಅದು ತಳಿ, ವೈರಸ್, ಬಿಸಿಲು, ಗಿಡದ ವಯಸ್ಸಿನೊಂದಿಗೆ ಬದಲಾಗುತ್ತದೆ. ‘ಜೀನ್’ ಪತ್ರಿಕೆಯ 2012ರ ಅಧ್ಯಯನದಲ್ಲಿ ವೈರಸ್ ಸೋಂಕಿಗೆ ಅಭಿವ್ಯಕ್ತಿಯ ಅಳತೆ ನಡೆದದ್ದು ಹಳದಿ ಎಲೆ ಮುಟುರು ವೈರಸ್ ಮೇಲೆ. ಕೋಲಾರದ ಹೊಲಗಳಲ್ಲಿ ಟೊಮೆಟೊ ಎಲೆ ಮುಟುರು ಬೆಂಗಳೂರು ವೈರಸ್‌ನಂಥ ಬೇರೆ ಪ್ರಭೇದಗಳಿವೆ. ಆದ್ದರಿಂದ ಆರು ಆರ್‌ಡಿಆರ್‌ಗಳಲ್ಲಿ ಇಲ್ಲಿ ನೆಚ್ಚಬಹುದಾದದ್ದು ಯಾವುದೆಂದು ಹೇಳಬೇಕಾದರೆ ಎಲೆಯ ಮಾದರಿ ಮುಳಬಾಗಿಲು, ಮಾಲೂರಿನ ತೋಟಗಳಿಂದಲೇ, ಋತುಋತುವಿಗೂ ಬರಬೇಕು.