ಬನ್ನಂಜೆಯಿಂದ ಒಂದು ಪಿಂಗ್

ಕಳೆದ ತಿಂಗಳು ರಜೆ ಹಾಕಿ ಬನ್ನಂಜೆಯ ಮನೆಗೆ ಹೋಗಿದ್ದೆ. ಅಮ್ಮ ಬೆಂಗಳೂರಿನ ಅಕ್ಕನ ಜೊತೆ ವೀಡಿಯೋ ಕಾಲ್‌ನಲ್ಲಿ ಮಾತಾಡುವಾಗ ಅಕ್ಕನ ಮುಖ ಆಗಾಗ ನಿಂತುಬಿಡುತ್ತಿತ್ತು. ನಾನು ಹಿಂದೆಮುಂದೆ ನೋಡದೆ ಇಂಟರ್ನೆಟ್ ಕಂಪೆನಿಗೆ ಫೋನ್ ಮಾಡಿ, ಎತ್ತಿಕೊಂಡ ಹುಡುಗನಿಗೆ ಚೆನ್ನಾಗಿ ಬೈದೆ. ಆಮೇಲೆ ನೆನಪಾಯಿತು, ಅಳೆದು ನೋಡಲಿಕ್ಕೆ ಪಿಂಗ್ ಇದೆಯಲ್ಲ!

ಅದರ ಕತೆಯೇ ಮಜವಾಗಿದೆ. 1983ರ ಡಿಸೆಂಬರ್. ಅಮೆರಿಕದ ಸೇನೆಯ ಬ್ಯಾಲಿಸ್ಟಿಕ್ ಸಂಶೋಧನಾಲಯದಲ್ಲಿ ನೆಟ್‌ವರ್ಕ್ ವಿಚಿತ್ರವಾಗಿ ಆಡುತ್ತಿತ್ತು. ಅಲ್ಲಿದ್ದ ಮೈಕ್ ಮೂಸ್ ಅವರಿಗೆ, ಜುಲೈನಲ್ಲಿ ನಾರ್ವೆಯ ಸಭೆಯಲ್ಲಿ ಡೇವ್ ಮಿಲ್ಸ್ ಹೇಳಿದ್ದೊಂದು ಮಾತು ನೆನಪಾಯಿತು. ದೂರದ ಕಂಪ್ಯೂಟರಿಗೆ ಒಂದು ಪ್ಯಾಕೆಟ್ ಕಳಿಸಿ, ಅದು ಪ್ರತಿಧ್ವನಿಯಂತೆ ಮರಳಲು ಎಷ್ಟು ಹೊತ್ತು ಹಿಡಿಯಿತು ಅಂತ ಅಳೆಯುವುದು. ಒಂದೇ ರಾತ್ರಿ ಕೂತು ಸುಮಾರು ಸಾವಿರ ಸಾಲಿನ ಪ್ರೋಗ್ರಾಂ ಬರೆದರು. ಸಬ್‌ಮೆರೀನಿನ ಸೋನಾರ್ ಮಾಡುವ ಸದ್ದನ್ನೇ ಹೆಸರಾಗಿಟ್ಟರು. ತಮಾಷೆಯೆಂದರೆ, ಮೊದಲ ಪಿಂಗ್ ಕಳಿಸುವಷ್ಟರಲ್ಲಿ ನೆಟ್‌ವರ್ಕ್ ರಿಪೇರಿಯಾಗಿತ್ತು :)

1986ರ ಅಕ್ಟೋಬರಿನಲ್ಲಿ ಇನ್ನೊಂದು ಪೇಚಾಟ. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಪಕ್ಕದ ವಿಶ್ವವಿದ್ಯಾಲಯಕ್ಕೂ ಇದ್ದ ದೂರ ಬರೀ 400 ಗಜ. ಆದರೆ ಸೆಕೆಂಡಿಗೆ 32 ಸಾವಿರ ಬಿಟ್ ಹೋಗುತ್ತಿದ್ದ ದಾರಿಯಲ್ಲಿ 40 ಬಿಟ್ ಹೋಗುವುದೂ ಕಷ್ಟವಾಯಿತು! ತಂತಿ ತುಂಡಾಗಿರಲಿಲ್ಲ. ಪರ್ಯಾಯದ ದಿನದ ಕಲ್ಸಂಕದ ಹಾಗೆ ಎಲ್ಲರೂ ಒಟ್ಟಿಗೇ ನುಗ್ಗಿದ್ದರು ಅಷ್ಟೆ. ಇದನ್ನು ಬಿಡಿಸಿದ ವ್ಯಾನ್ ಜೇಕಬ್‌ಸನ್ ಅವರೇ ಮುಂದೆ ಟ್ರೇಸ್‌ರೂಟ್ ಬರೆದರು.

ಅದು ಹೇಗೆ ಕೆಲಸ ಮಾಡುತ್ತದೆ ಅಂದರೆ, ಬನ್ನಂಜೆಯಿಂದ ಮಣಿಪಾಲದ ಬಸ್ಸು ಹತ್ತಿದಿರಿ ಅಂದುಕೊಳ್ಳಿ. ಮೊದಲ ಪ್ಯಾಕೆಟಿಗೆ ಕಲ್ಸಂಕದವರೆಗೆ ಮಾತ್ರ ಟಿಕೆಟ್. ಅಲ್ಲಿ ಇಳಿಸಿದವರು "ಇಲ್ಲಿಗೆ ಮುಗಿಯಿತು" ಅಂತ ಸುದ್ದಿ ಕಳಿಸುತ್ತಾರೆ. ಎರಡನೆಯದಕ್ಕೆ ಕಡಿಯಾಳಿ, ಮುಂದಿನದಕ್ಕೆ ಇಂದ್ರಾಳಿ. ಹೀಗೆ ಇಡೀ ದಾರಿ ಗೊತ್ತಾಗುತ್ತದೆ.

ದಾರಿ ಯಾಕೆ ಮುಖ್ಯ? ಗಾಜಿನ ಎಳೆಯಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಓಡುತ್ತದೆ. ಉಡುಪಿಯಿಂದ ಬೆಂಗಳೂರು ಸುಮಾರು 400 ಕಿ.ಮೀ., ಹೋಗಿಬರಲು ಲೆಕ್ಕಕ್ಕೆ ನಾಲ್ಕೇ ಮಿಲಿಸೆಕೆಂಡು. ಆದರೆ ಹಿಂದೆ ನಮ್ಮಲ್ಲಿ ಒಂದು ಕಂಪೆನಿಯ ಗಿರಾಕಿ ಇನ್ನೊಂದು ಕಂಪೆನಿಯವನಿಗೆ ಕಳಿಸಿದ್ದು ಎಷ್ಟೋ ಸಲ ವಿದೇಶ ಸುತ್ತಿ ಬರುತ್ತಿತ್ತು. ಇದನ್ನು ತಪ್ಪಿಸಲಿಕ್ಕೆಂದೇ 2003ರಲ್ಲಿ ನಿಕ್ಸಿ ಎಂಬ ವಿನಿಮಯ ಸಂಸ್ಥೆ ಹುಟ್ಟಿತು.

ಸರಿ, ನಾನೂ ಪಿಂಗ್ ಮಾಡಿದೆ. ಬೆಂಗಳೂರಿಗಲ್ಲ, ಮೊದಲು ನಮ್ಮ ಚಾವಡಿಯ ರೂಟರಿಗೆ. ಎರಡು ಮಿಲಿಸೆಕೆಂಡಿನಲ್ಲಿ ಬರಬೇಕಾದ ಉತ್ತರಕ್ಕೆ ಮುನ್ನೂರು, ನಾನೂರು! ನೋಡಿದರೆ ರೂಟರ್ ಸ್ಟೀಲ್ ಕಪಾಟಿನ ಹಿಂದೆ. ಈಚೆ ತಂದಿಟ್ಟೆ, ಅಕ್ಕ ಸರಾಗವಾಗಿ ಮಾತಾಡಿದಳು.

"ಎಂತ ಮಾರಾಯ, ಪಾಪದ ಆ ಹುಡುಗನಿಗೆ ಸುಮ್ಮನೆ ಬೈದೆಯಲ್ಲ" ಅಂದರು ಅಮ್ಮ.

ಮತ್ತೆ ಫೋನ್ ಮಾಡಿದೆ. ಈ ಸಲ ಎತ್ತಿದವನು ಬೇರೆ ಹುಡುಗ.